ಪತ್ತೇದಾರಿ ಕಾದಂಬರಿಯೂ ಓದುಗರ ಕೂಟವೂ

ಕಾದಂಬರಿಯನ್ನು ಓದುವುದು ಒಬ್ಬರ ಕೆಲಸ; ಓದಿದ್ದನ್ನು ವಿಚಾರ ಮಾಡುವುದು ನಾಲ್ವರು ಕೂಡಿ ಮಾಡಬೇಕಾದ ಕೆಲಸ. ನಮ್ಮ ಓದುಗರ ಕೂಟವು ಈ ವರ್ಷ ಭಯೋತ್ಪಾದಕರ ಪತ್ತೆಗೆ ಸಂಬಂಧಿಸಿದ ಕಾದಂಬರಿಯೊಂದನ್ನು ಚರ್ಚೆಗೆ ಎತ್ತಿಕೊಂಡಾಗ, ಇಂಥ ಪುಸ್ತಕದಲ್ಲಿ ಚರ್ಚಿಸಲು ಏನಿದೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಬಸ್ಸಿಗೆ ಕಾಯುವಾಗ ಓದಿ, ಬಸ್ಸು ಬಂದೊಡನೆ ಮರೆಯುವ ಪುಸ್ತಕಗಳಿವು ಎಂದೇ ಹಲವರ ಎಣಿಕೆ. ಈ ಪ್ರಶ್ನೆಗೆ ಒಂದು ಕೃತಿಯ ಮೂಲಕವೇ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಆ ಕೃತಿ, ಫ್ರೆಡರಿಕ್ ಫೋರ್ಸೈತ್ ಅವರ 'ದಿ ಡೇ ಆಫ್ ದಿ ಜಾಕಲ್', ಪ್ರಕಟವಾದದ್ದು 1971ರಲ್ಲಿ. ಇದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. 1830ರಿಂದ ಫ್ರಾನ್ಸಿನ ಹಿಡಿತದಲ್ಲಿದ್ದ ಆಲ್ಜೀರಿಯಾ 1954ರಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಟಕ್ಕಿಳಿಯಿತು. 1958ರಲ್ಲಿ ಅಧಿಕಾರಕ್ಕೆ ಬಂದ ದ ಗಾಲ್ ಅವರು ಆ ನಾಡನ್ನು ಉಳಿಸಿಕೊಡುವರೆಂದು ಅಲ್ಲಿನ ಫ್ರೆಂಚ್ ವಲಸಿಗರೂ ಕೆಲವು ಸೇನಾಧಿಕಾರಿಗಳೂ ನಂಬಿದ್ದರು. ಅವರು ಸ್ವಾತಂತ್ರ್ಯದ ದಾರಿ ಹಿಡಿದಾಗ, ಕೆರಳಿದವರು 1961ರಲ್ಲಿ ಓ.ಎ.ಎಸ್. ಎಂಬ ಗುಪ್ತ ಸೈನ್ಯವನ್ನು ಕಟ್ಟಿದರು. 1962ರ ಆಗಸ್ಟ್ 22ರಂದು ಪ್ಯಾರಿಸ್ಸಿನ ಹೊರವಲಯದ ಪೆತಿ-ಕ್ಲಮಾರಿನಲ್ಲಿ ದ ಗಾಲ್ ಅವರ ಕಾರಿನ ಮೇಲೆ ಗುಂಡಿನ ಮಳೆ ಸುರಿಯಿತು, ಅವರು ಪಾರಾದರು. ಸಂಚಿನ ನಾಯಕ ಬಾಸ್ತಿಯಾಂ-ತಿರಿಯನ್ನು 1963ರ ಮಾರ್ಚ್ 11ರಂದು ಗುಂಡಿಟ್ಟು ಕೊಲ್ಲಲಾಯಿತು.

ಇಷ್ಟು ಚರಿತ್ರೆ. ಇಲ್ಲಿಂದ ಮುಂದೆ ಕಲ್ಪನೆ. ಓ.ಎ.ಎಸ್. ಮುಖಂಡರು 'ಜಾಕಲ್', ಅಂದರೆ ಗುಳ್ಳೆನರಿ, ಎಂಬ ಗುಪ್ತನಾಮದ ಬಾಡಿಗೆ ಕೊಲೆಗಾರನನ್ನು ಗೊತ್ತುಮಾಡುತ್ತಾರೆ. ಅವನನ್ನು ಹುಡುಕುವ ಹೊಣೆ ಲೆಬೆಲ್ ಎಂಬ ಸಾಧಾರಣ ಮೈಕಟ್ಟಿನ, ಹೆಂಡತಿಗೆ ಅಂಜುವ ಪೋಲೀಸು ಅಧಿಕಾರಿಯ ಮೇಲೆ ಬೀಳುತ್ತದೆ.

ನಮ್ಮ ಕೂಟದಲ್ಲಿ ಮೂರು ಪ್ರಶ್ನೆಗಳು ಮುಖ್ಯವಾದುವು.

ಮೊದಲನೆಯದು, ಕುತೂಹಲದ ಪ್ರಶ್ನೆ. ದ ಗಾಲ್ ಅವರು ಕೊಲೆಗೆ ಈಡಾಗಲಿಲ್ಲ. 1970ರ ನವೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ತೀರಿಕೊಂಡರು. ಅಂತ್ಯ ತಿಳಿದಿದ್ದರೂ ಪುಟ ತಿರುವುವುದೇಕೆ? ಗೆಳೆಯರೊಬ್ಬರು ಇದಕ್ಕೆ ಯಕ್ಷಗಾನದ ಉದಾಹರಣೆ ಕೊಟ್ಟರು. ಅಭಿಮನ್ಯು ಚಕ್ರವ್ಯೂಹದಲ್ಲಿ ಮಡಿಯುವನೆಂದು ಊರಿಗೇ ಗೊತ್ತು. ಆದರೂ ಜನ ಬೆಳಗಿನವರೆಗೆ ಕೂತು ನೋಡುತ್ತಾರೆ. 'ಏನಾಯಿತು' ಎಂಬುದು ತಿಳಿದಾಗ 'ಹೇಗಾಯಿತು' ಎಂಬುದರ ಮೇಲೆ ಮನಸ್ಸು ನಿಲ್ಲುತ್ತದೆ. ಸುಳ್ಳು ಕಾಗದಪತ್ರ, ಗುಟ್ಟಾಗಿ ಮಾಡಿಸಿದ ಬಂದೂಕು, ಟೆಲಿಫೋನಿನಲ್ಲಿ ದೇಶ ದೇಶಗಳ ಪೋಲೀಸರನ್ನು ವಿಚಾರಿಸುವ ಲೆಬೆಲ್, ಇವುಗಳ ವಿವರದಲ್ಲಿಯೇ ಈ ಕಾದಂಬರಿಯ ರಸವಿದೆ. 1962ರಲ್ಲಿ ರಾಯಿಟರ್ಸ್ ವರದಿಗಾರರಾಗಿ ಪ್ಯಾರಿಸ್ಸಿನಲ್ಲಿದ್ದ ಲೇಖಕರಿಗೆ ಆ ವಿವರಗಳು ಕೈವಶವಾಗಿದ್ದುವು.

ಎರಡನೆಯದು, ಧರ್ಮದ ಪ್ರಶ್ನೆ. ಕೊವಾಲ್ಸ್ಕಿ ಎಂಬ ಅಂಗರಕ್ಷಕನನ್ನು, ಮಗಳಿಗೆ ಕಾಯಿಲೆ ಎಂದು ಸುಳ್ಳು ಕಾಗದ ಬರೆದು ಕರೆಸಿ, ಸರ್ಕಾರದವರೇ ಹಿಂಸಿಸುತ್ತಾರೆ. ಅವನು ಸಾಯುತ್ತಾನೆ; ಸಾಯುವ ಮುನ್ನ ನುಡಿದ ತುಂಡು ಮಾತುಗಳಿಂದಲೇ ಸಂಚಿನ ಸುಳಿವು ದೊರೆಯುತ್ತದೆ. "ಒಬ್ಬನ ನೋವಿನಿಂದ ರಾಷ್ಟ್ರಾಧ್ಯಕ್ಷರ ಜೀವ ಉಳಿಯಿತಲ್ಲ?" ಎಂದರು ಒಬ್ಬರು. "ನ್ಯಾಯಾಲಯವಿರುವ ದೇಶಕ್ಕೆ ನೆಲಮಾಳಿಗೆ ಏಕೆ ಬೇಕು?" ಎಂದರು ಇನ್ನೊಬ್ಬರು. ಇದು ಬರಿಯ ಕಲ್ಪನೆಯ ವಿಷಯವಲ್ಲ. ಆಲ್ಜೀರಿಯಾದಲ್ಲಿ ತಾವು ಅನುಭವಿಸಿದ ಚಿತ್ರಹಿಂಸೆಯನ್ನು ಬರೆದ ಪತ್ರಕರ್ತ ಆನ್ರಿ ಅಲ್ಲೇಗ್ ಅವರ ಪುಸ್ತಕವನ್ನು 1958ರಲ್ಲಿ ಫ್ರೆಂಚ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. 1957ರಲ್ಲಿ ಸೈನಿಕರ ವಶದಲ್ಲಿ ಸತ್ತ ಗಣಿತಜ್ಞ ಮೋರಿಸ್ ಒದಾಂ ಅವರ ವಿಷಯದಲ್ಲಿ ಆ ದೇಶ ತನ್ನ ಹೊಣೆಯನ್ನು ಒಪ್ಪಿಕೊಂಡದ್ದು 2018ರಲ್ಲಿ, ಅರವತ್ತೊಂದು ವರ್ಷಗಳ ಮೇಲೆ. ಕಾದಂಬರಿಯಲ್ಲಿ ಹಿಂಸೆಯ ಫಲ ಕೆಲವು ಪುಟಗಳಲ್ಲಿ ಕೈಗೆ ಬರುತ್ತದೆ. ಅದರ ಸಾಲ ತೀರಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಚರಿತ್ರೆಯಿಂದ ತಿಳಿಯಬೇಕು.

ಮೂರನೆಯದು, ಪುಸ್ತಕದಲ್ಲಿ ಯಾರಿಲ್ಲ ಎಂಬ ಪ್ರಶ್ನೆ. ಕಥೆಯ ಮೂಲವೇ ಆಲ್ಜೀರಿಯಾ. ಆದರೆ ಆಲ್ಜೀರಿಯನ್ನರ ದನಿ ಅಲ್ಲಿ ಕೇಳಿಸುವುದೇ ಇಲ್ಲವೆನ್ನಬಹುದು. ಓ.ಎ.ಎಸ್. ಗುರಿ ರಾಷ್ಟ್ರಾಧ್ಯಕ್ಷರೊಬ್ಬರೇ ಆಗಿರಲಿಲ್ಲ. 1962ರ ಮಾರ್ಚ್ 15ರಂದು, ಕದನವಿರಾಮದ ಒಪ್ಪಂದಕ್ಕೆ ಮೂರು ದಿನ ಮೊದಲು, ಅವರು ಆಲ್ಜಿಯರ್ಸಿನಲ್ಲಿ ಆರು ಮಂದಿ ಶಿಕ್ಷಣಾಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಅವರಲ್ಲೊಬ್ಬರು ಮುಲೂದ್ ಫೆರಾವುನ್: ಕಬೀಲಿಯಾದ ಬಡ ರೈತನ ಮಗ, ಓದಿ ಮೇಷ್ಟ್ರಾದವರು, ಕಾದಂಬರಿಕಾರರು. ಜೂನ್ 7ರಂದು ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಬೆಂಕಿ ಬಿತ್ತು. ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ, ಲೆಬೆಲ್ಲನ ಜಾಣತನಕ್ಕಿಂತ ಈ ಮೇಷ್ಟ್ರ ಸಾವು ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯಿತು. ಕೊಲೆಗಾರನ ಚಾತುರ್ಯಕ್ಕೆ ತಲೆದೂಗುತ್ತ ಓದಿದ ನಮಗೆ, ಆ ಚಾತುರ್ಯವನ್ನು ಬಾಡಿಗೆಗೆ ಪಡೆದವರು ಎಂಥವರೆಂದು ಈ ಸಂಗತಿ ತಿಳಿಸಿಕೊಟ್ಟಿತು. ಕೂಟವಿಲ್ಲದಿದ್ದರೆ ಅವರ ಹೆಸರನ್ನೇ ನಾನು ಕೇಳುತ್ತಿರಲಿಲ್ಲ.

ಇಂಥ ಚರ್ಚೆಗೆ ದೊಡ್ಡ ಸಿದ್ಧತೆ ಬೇಕಿಲ್ಲ. ಒಬ್ಬರು ಹಿನ್ನೆಲೆಯ ಚರಿತ್ರೆಯನ್ನು ಹೇಳಲಿ. ಒಬ್ಬರು ಕಥೆಯ ಕಟ್ಟಡವನ್ನು ಪರಿಶೀಲಿಸಲಿ. ಒಬ್ಬರು ಕೃತಿ ಬಿಟ್ಟುಬಿಟ್ಟವರ ಪರವಾಗಿ ಮಾತನಾಡಲಿ. ಇಂಗ್ಲಿಷಿನಲ್ಲಿ ಓದಲು ತೊಡಕಾದವರಿಗೆ ಉಳಿದವರು ಕನ್ನಡದಲ್ಲಿ ವಿವರಿಸಲಿ. ಮುಂದಿನ ವರ್ಷದ ವಿದ್ಯಾರ್ಥಿ ಮಿತ್ರರು ಈ ಕೂಟವನ್ನು ನಡೆಸಿಕೊಂಡು ಹೋಗುವರೆಂದೂ, ಫೆರಾವುನ್ ಅವರ ಕೃತಿಯೊಂದನ್ನು ನಮ್ಮ ಗ್ರಂಥಭಂಡಾರಕ್ಕೆ ತರಿಸುವರೆಂದೂ ಆಶಿಸುತ್ತೇನೆ.