ಚಿಲ್ಲರೆ ಬದಲಿಗೆ ಚಾಕಲೇಟ್: ಆ ಎರಡು ರೂಪಾಯಿ ಯಾರದ್ದು?

ಮೊನ್ನೆ ಬೆಳಗ್ಗೆ ಮದ್ರಸ ಬಿಟ್ಟ ಮೇಲೂ ಮೂರನೇ ತರಗತಿಯ ಒಬ್ಬ ಹುಡುಗ ಮನೆಗೆ ಹೋಗದೆ ಬಾಗಿಲ ಬಳಿ ನಿಂತಿದ್ದ. ಏನು ಮೋನೆ ಎಂದು ಕೇಳಿದರೆ ಮೊದಲು ಬಾಯಿ ಬಿಡಲಿಲ್ಲ. ಮತ್ತೆ ಮೆಲ್ಲನೆ ಕೇಳಿದ, “ಉಸ್ತಾದ್, ಚಿಲ್ಲರೆಗೆ ಕೊಟ್ಟ ಚಾಕಲೇಟ್ ತಿಂದರೆ ಅದು ಕಳ್ಳತನವಾ?”

ವಿಷಯ ಇಷ್ಟೇ. ಉಮ್ಮ ಐವತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದ್ದಾರೆ. ಸಾಮಾನಿಗೆ ನಲವತ್ತೆಂಟು ಆಯಿತು. ಅಂಗಡಿ ಕಾಕ ಚಿಲ್ಲರೆ ಇಲ್ಲ ಎಂದು ಎರಡು ಚಾಕಲೇಟ್ ಕೈಗೆ ಹಾಕಿದರು. ಮಗು ತಾನೇ, ದಾರಿಯಲ್ಲೇ ತಿಂದ. ಮನೆಯಲ್ಲಿ ಲೆಕ್ಕ ಕೇಳಿದಾಗ ಹೇಳಿದ್ದನ್ನು ಉಮ್ಮ ನಂಬಲಿಲ್ಲ. ಹಿಂದಿನ ವಾರವೂ ಹೀಗೆಯೇ ಆಗಿತ್ತಂತೆ. ಕೇಳದೆ ಚಾಕಲೇಟ್ ತೆಗೆದುಕೊಂಡು ಈಗ ಸುಳ್ಳು ಹೇಳ್ತಾನೆ ಎಂದು ಎರಡು ಪೆಟ್ಟು ಕೊಟ್ಟಿದ್ದಾರೆ. ಆ ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು, ಒಂದೊಂದು ರೂಪಾಯಿಗೂ ಲೆಕ್ಕ ಇಡಲೇಬೇಕು. ಅವರನ್ನು ದೂರಿ ಪ್ರಯೋಜನವಿಲ್ಲ. ಹುಡುಗನಿಗೆ ಪೆಟ್ಟಿಗಿಂತ ‘ಕಳ್ಳ’ ಎಂದದ್ದೇ ನೋವಾಗಿತ್ತು.

ನೀನು ಕಳ್ಳ ಅಲ್ಲ ಎಂದು ಹೇಳಿ ಕಳಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವನು ಅಲ್ಲದಿದ್ದರೆ ಆ ಎರಡು ರೂಪಾಯಿ ಹೋದದ್ದು ಎಲ್ಲಿಗೆ?

ನಾವು ಓದಿದ ಫಿಕ್‌ಹ್‌ನಲ್ಲಿ ವ್ಯಾಪಾರಕ್ಕೆ ಕೊಡುವವನ ಒಪ್ಪಿಗೆಯೂ ಬೇಕು, ಕೊಳ್ಳುವವನ ಒಪ್ಪಿಗೆಯೂ ಬೇಕು. ಚಿಲ್ಲರೆ ಬದಲು ಚಾಕಲೇಟ್ ಕೊಡುವುದು ಅಂದರೆ ಇನ್ನೊಂದು ಸಣ್ಣ ವ್ಯಾಪಾರವೇ. ಅದಕ್ಕೆ ಯಾರು ಒಪ್ಪಿದರು? ದೊಡ್ಡವರಾದರೆ “ಆಗಬಹುದು ಕಾಕ, ಕೊಡಿ” ಎಂದು ಮನಸಾರೆ ಹೇಳಿದರೆ ತಕರಾರಿಲ್ಲ. ಬೇಡವೇ ಬೇಡ, ಬಿಡಿ ಎಂದರೂ ಆಯಿತು. ಆದರೆ ಮಗುವಿನ ವಿಷಯ ಬೇರೆ. ಶಾಫಿಈ ಮದ್‌ಹಬ್ ಪ್ರಕಾರ ಪ್ರಾಯಕ್ಕೆ ಬಾರದ ಮಗು ಮಾಡಿದ ವ್ಯಾಪಾರ ಸಿಂಧುವಾಗುವುದೇ ಇಲ್ಲ. ಹಣ ಉಮ್ಮನದ್ದು, ಮಗು ಬರೀ ತರುವವನು, ಕೊಡುವವನು. ಉಮ್ಮನ ಎರಡು ರೂಪಾಯಿ ಬಿಟ್ಟುಕೊಡುವ ಅಧಿಕಾರ ಅವನಿಗೆಲ್ಲಿದೆ? ಅದು ಅಂಗಡಿಯವರ ಮೇಲೆ ಆ ತಾಯಿಯ ಸಾಲವಾಗಿ ಉಳಿಯಿತು ಅಂತಲೇ ನನ್ನ ತಿಳುವಳಿಕೆ. ಅಳತೆ ತೂಕದಲ್ಲಿ ಕಡಿಮೆ ಕೊಡುವವರ ಬಗ್ಗೆ ಸೂರತುಲ್ ಮುತಫ್ಫಿಫೀನ್ ನಮ್ಮ ಮಕ್ಕಳು ಬಾಯಿಪಾಠ ಮಾಡ್ತಾರೆ. ಅದನ್ನು ಬರೀ ತಕ್ಕಡಿಯವರಿಗೆ ಎಂದುಕೊಂಡು ನಾವು ದೊಡ್ಡವರು ಆರಾಮದಲ್ಲಿ ಇದ್ದೇವೆ.

ಅಸರ್ ಕಳೆದು ಅಂಗಡಿಗೆ ಹೋದೆ. ಜಗಳಕ್ಕಲ್ಲ, ಕೇಳಲಿಕ್ಕೆ. ಕಾಕ ಹೇಳಿದ್ದರಲ್ಲೂ ಸತ್ಯ ಉಂಟು.

“ಉಸ್ತಾದ್, ಮೊದಲು ಒಬ್ಬರು ಕೊಟ್ಟ ಚಿಲ್ಲರೆ ಇನ್ನೊಬ್ಬರಿಗೆ ಆಗ್ತಿತ್ತು. ಈಗ ಎಲ್ಲರೂ ಫೋನಲ್ಲಿ ಹಾಕ್ತಾರೆ. ಸರಿಯಾಗಿ ಹನ್ನೆರಡು ರೂಪಾಯಿ ಬರ್ತದೆ, ಆದರೆ ಗಲ್ಲೆಗೆ ಒಂದು ನಾಣ್ಯ ಬೀಳುವುದಿಲ್ಲ. ನೋಟು ತರುವುದು ಸಣ್ಣ ಮಕ್ಕಳು, ಮುದುಕಿಯರು. ಅವರಿಗೇ ಚಿಲ್ಲರೆ ಬೇಕಾಗುವುದು. ನಾನು ಎಲ್ಲಿಂದ ತರಲಿ?”

ಇದು ನನಗೆ ಹೊಳೆದಿರಲಿಲ್ಲ. ಫೋನ್ ಇದ್ದವನಿಗೆ ಚಿಲ್ಲರೆಯ ಕಷ್ಟವೇ ಇಲ್ಲ. ಫೋನ್ ಇಲ್ಲದವರ ಪಾಲಿಗೆ ಮಾತ್ರ ಚಾಕಲೇಟ್, ಬೆಂಕಿಪೊಟ್ಟಣ, ಇಲ್ಲವೇ “ನಾಳೆ ಕೊಡ್ತೇನೆ”. ಬಸ್ಸಿನಲ್ಲೂ ಹಾಗೆ. ಟಿಕೆಟಿನ ಹಿಂದೆ ಬಾಕಿ ಬರೆದು ಕೊಡ್ತಾರೆ, ಇಳಿಯುವ ಗಡಿಬಿಡಿಯಲ್ಲಿ ಕೇಳಲು ಮರೆತರೆ ಹೋಯಿತು.

ಆದರೂ ಕಾಕನಿಗೆ ಒಂದು ಮಾತು ಕೇಳಿದೆ. “ನಾಳೆ ಆ ಹುಡುಗ ಎರಡು ಚಾಕಲೇಟ್ ತಂದು ಇದಕ್ಕೆ ಎರಡು ರೂಪಾಯಿಯ ಸಾಮಾನು ಕೊಡಿ ಎಂದರೆ ಕೊಡ್ತೀರಾ?” ಅವರು ನಕ್ಕರು. ನಾನೂ ನಕ್ಕೆ.

ಹಾಗಾದರೆ ನಾಣ್ಯಗಳೆಲ್ಲ ಎಲ್ಲಿ ಹೋದವು? ಮನೆಗೆ ಬಂದು ನೋಡಿದೆ. ಷೋಕೇಸಿನ ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು, ಮಕ್ಕಳ ಡಬ್ಬಿಯಲ್ಲಿ ಒಂದಿಷ್ಟು, ಹಳೇ ಪರ್ಸಿನಲ್ಲಿ ಇನ್ನೊಂದಿಷ್ಟು. ಎಣಿಸಿದರೆ ಮುನ್ನೂರು ದಾಟಿತು. ನನ್ನ ಒಂದು ಮನೆಯಲ್ಲೇ ಇಷ್ಟು. ಚಿಲ್ಲರೆ ಇಲ್ಲ ಎಂದು ಅಂಗಡಿಯವರನ್ನು ದೂರುವ ನಾವೇ ಅದನ್ನು ಕೂಡಿಹಾಕಿದ್ದೇವೆ.

ಇನ್ನೊಂದು ನಮ್ಮ ಹತ್ತರ ನಾಣ್ಯದ ಕಥೆ. ರೂಪಾಯಿ ಚಿಹ್ನೆ ಇದ್ದರೆ ಮಾತ್ರ ಅಸಲಿ, ಗೆರೆ ಹತ್ತು ಇದ್ದರೆ ಮಾತ್ರ ನಡೆಯುತ್ತದೆ ಎಂದು ಯಾರೋ ಹಬ್ಬಿಸಿದರು, ಎಲ್ಲರೂ ನಂಬಿದರು. ಬೇರೆ ಬೇರೆ ಕಾಲದಲ್ಲಿ ಬಂದ 14 ವಿನ್ಯಾಸಗಳ ಹತ್ತರ ನಾಣ್ಯಗಳೂ ಸರಿಯಾದವೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಆದರೂ ಈಗಲೂ “ಇದು ಬೇಡ, ನೋಟು ಕೊಡಿ” ಎನ್ನುವವರು ಇದ್ದಾರೆ. ನಿಂತದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು, 2011ರ ಜೂನ್ 30ಕ್ಕೆ. 50 ಪೈಸೆಗೆ ಕಾನೂನಿನಲ್ಲಿ ಇವತ್ತಿಗೂ ಬೆಲೆ ಉಂಟು, ಅಂಗಡಿಯಲ್ಲಿ ಮಾತ್ರ ಇಲ್ಲ. ಒಂದು ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯಗಳಲ್ಲಿ ಒಂದು ಸಲಕ್ಕೆ 1000 ರೂಪಾಯಿವರೆಗೆ ಪಾವತಿ ಮಾಡಲು 2011ರ ನಾಣ್ಯ ಕಾಯ್ದೆಯಲ್ಲಿ ಅವಕಾಶ ಇದೆ.

ಇನ್ನು ಮಸೀದಿ. ಊರಿನ ನಾಣ್ಯಗಳೆಲ್ಲ ಒಂದು ಕಡೆ ಸೇರುವುದಿದ್ದರೆ ಅದು ಮಸೀದಿಯ ಡಬ್ಬಿಯಲ್ಲೇ. ಜುಮಾ ಕಳೆದು ಎಣಿಸಿ ಕಟ್ಟಿಡುವ ಚಿಲ್ಲರೆಯನ್ನು ಹತ್ತಿರದ ಅಂಗಡಿಯವರಿಗೆ ಕೊಟ್ಟು ನೋಟು ಪಡೆದರೆ ಇಬ್ಬರಿಗೂ ಅನುಕೂಲ. ಆದರೆ ನೂರಕ್ಕೆ ನೂರೇ ಆಗಬೇಕು. ಪೇಟೆಯಲ್ಲಿ ಕೆಲವರು ನೂರರ ನೋಟಿಗೆ ತೊಂಬತ್ತರ ಚಿಲ್ಲರೆ ಕೊಡುವುದುಂಟು, ಅದನ್ನು ಕಮಿಷನ್ ಅಂತಾರೆ. ಹಳೆಯ ಶಾಫಿಈ ಕಿತಾಬ್‌ಗಳಲ್ಲಿ ಚಿನ್ನ ಬೆಳ್ಳಿಯಲ್ಲದ ನಾಣ್ಯಕ್ಕೆ, ಅಂದರೆ ಫುಲೂಸ್‌ಗೆ, ಬಡ್ಡಿಯ ವಿಧಿ ಬರುವುದಿಲ್ಲ ಎಂಬ ಮಾತಿದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯಾದರೋ ಕಾಗದದ ಹಣಕ್ಕೂ ಚಿನ್ನ ಬೆಳ್ಳಿಯ ವಿಧಿಗಳೇ ಎಂದು ತೀರ್ಮಾನಿಸಿತು. ಆ ಚರ್ಚೆ ದೊಡ್ಡ ಆಲಿಮರದ್ದು, ಸಂಶಯ ಇದ್ದವರು ತಮ್ಮ ಖಾಝಿಯವರಲ್ಲಿ ಕೇಳಲಿ. ಮಸೀದಿಯ ಹಣದಲ್ಲಂತೂ ಹತ್ತು ರೂಪಾಯಿ ಹೆಚ್ಚು ಕಡಿಮೆಯ ವ್ಯವಹಾರವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಸಣ್ಣ ಕಾಸಿಗೆ ಲೆಕ್ಕ ಇಡುವುದು ನಮ್ಮ ಕರಾವಳಿಗೆ ಹೊಸತಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. ಮೊದಲ ದಿನದ ಕೊನೆಗೆ ಅಲ್ಲಿದ್ದ ಮೊತ್ತ 38 ರೂಪಾಯಿ, 13 ಆಣೆ, 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ ನೋಡಿ. ಇದೇ ಉಡುಪಿಯಲ್ಲಿ 1928ರಲ್ಲಿ ಶುರುವಾದ ಪಿಗ್ಮಿಯೂ ದಿನಕ್ಕೆ ಎರಡಾಣೆಯಿಂದ ಬೆಳೆದದ್ದು.

ನಮ್ಮ ಅಂಗಡಿ ಕಾಕ ಈಗ ಒಂದು ಪುಸ್ತಕ ಇಟ್ಟಿದ್ದಾರೆ. ಮಕ್ಕಳು ಬಂದರೆ ಚಾಕಲೇಟ್ ಇಲ್ಲ, ಮನೆಯ ಹೆಸರು ಬರೆದು ಎಷ್ಟು ಬಾಕಿ ಎಂದು ಹಾಕ್ತಾರೆ. ಅದನ್ನೇ ಒಂದು ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳಿಸ್ತಾರೆ, ಮನೆಯಲ್ಲಿ ಪೆಟ್ಟು ಬೀಳಬಾರದಲ್ಲ. ಬಾಕಿ ಹತ್ತಾದಾಗ ನೋಟು ಕೊಡುವುದು, ಇಲ್ಲವೇ ಕೇಳಿ ಸಾಮಾನು ಕೊಡುವುದು. ನಾನು ಮನೆಯ ಬಾಟಲಿ ತಂದು ಅವರ ಮೇಜಿನ ಮೇಲೆ ಸುರಿದೆ, ಮುನ್ನೂರಹನ್ನೆರಡು ರೂಪಾಯಿ. ಎಣಿಸಿ ಅಷ್ಟೇ ಕೊಟ್ಟರು. ಮದ್ರಸದಲ್ಲೂ ಹೇಳಿದ್ದೇನೆ, ಮನೆಯ ಡಬ್ಬಿಯ ನಾಣ್ಯ ಉಪ್ಪ ಉಮ್ಮನ ಹತ್ತಿರ ಕೇಳಿ ಅಂಗಡಿಗೆ ಕೊಟ್ಟು ನೋಟು ಮಾಡಿಸಿ ಎಂದು. ಏಳೆಂಟು ಮನೆಯವರು ಕೊಟ್ಟಿದ್ದಾರೆ.

ಆ ಹುಡುಗನ ಉಮ್ಮನಿಗೆ ಕಾಕ ಎರಡು ವಾರದ ನಾಲ್ಕು ರೂಪಾಯಿ ಲೆಕ್ಕ ಮಾಡಿ ಕಳಿಸಿದರು, ಹುಡುಗನ ಕೈಯಲ್ಲೇ. ಚಾಕಲೇಟ್‌ನ ದುಡ್ಡು ಹಿಡಿಯಲಿಲ್ಲ.

ಮೊನ್ನೆ ಆ ಪುಸ್ತಕ ತಿರುವಿ ಹಾಕುತ್ತಾ ಕಾಕ ಸಣ್ಣಗೆ ಕೆಮ್ಮಿದರು. “ಉಸ್ತಾದ್, ನಿಮ್ಮದೂ ಒಂದು ಉಂಟು.” ರಂಝಾನ್‌ನ ಸಮಯದಲ್ಲಿ ನಿಂಬೆಹಣ್ಣು ತೆಗೆದುಕೊಂಡು ಮೂರು ರೂಪಾಯಿ ಮತ್ತೆ ಕೊಡ್ತೇನೆ ಎಂದವನು ನಾನು, ಪೂರಾ ಮರೆತಿದ್ದೆ. ನಾಚಿಕೆಯಾಗಿ ತಕ್ಷಣ ಜೇಬಿಗೆ ಕೈ ಹಾಕಿದೆ. ಹತ್ತರ ಒಂದು ನೋಟು ಸಿಕ್ಕಿತು.

“ಚಿಲ್ಲರೆ ಇಲ್ವಾ?” ಎಂದರು ಕಾಕ.