ತರಗೆಲೆಯ ಅಡಿಯ ಜೇಡಗಳು

ಜೇಡವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಲೆ. ಆದರೆ ಬಲೆಯ ಹಂಗಿಲ್ಲದೆ, ಉದುರಿದ ಎಲೆಗಳ ಅಡಿಯಲ್ಲಿಯೇ ಬೇಟೆಯಾಡಿ ಬಾಳುವ ಜೇಡಗಳೂ ಬಹಳವಾಗಿವೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ನಿತ್ಯಹಸುರು ಶೋಲೆಗಳಲ್ಲಿ, ಹನೂರಿನ ಮಲೆಮಹದೇಶ್ವರ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ, ಕೊಳ್ಳೇಗಾಲದ ತೋಪುಗಳಲ್ಲಿ ಅವುಗಳಿಗೆ ತಕ್ಕ ನೆಲೆಯುಂಟು. ಕೊಳೆಯುವ ಎಲೆಯ ಬೂಷ್ಟನ್ನು ಮೇಯುವ ಅತಿ ಸಣ್ಣ ಕೀಟಗಳೇ ಇವುಗಳಲ್ಲಿ ಹಲವಕ್ಕೆ ಆಹಾರ.

ಒಂದು ಹಿಡಿ ತರಗನ್ನು ಜರಡಿಯಲ್ಲಿಟ್ಟು ಬಿಳಿಯ ಬಟ್ಟೆಯ ಮೇಲೆ ಜಾಲಿಸಿದರೆ, ಕಸದ ಕಣವೆಂದು ತೋರಿದುದು ಕಾಲು ಬಿಚ್ಚಿ ಓಡುವುದುಂಟು. ಅದರ ಕುಲವನ್ನು ತಿಳಿಯುವುದು ಹೇಗೆ? ಬಣ್ಣವನ್ನು ನಂಬಲಾಗದು, ಭೂತಗನ್ನಡಿಯಿಂದ ಮೊದಲು ಕಣ್ಣುಗಳನ್ನು ಎಣಿಸಬೇಕು.

ಜೇಡಗಳಲ್ಲಿ ಹೆಚ್ಚಿನವಕ್ಕೆ ೮ ಕಣ್ಣು. ಊನೊಪಿಡೆ ಕುಟುಂಬದವಕ್ಕೆ ಸಾಮಾನ್ಯವಾಗಿ ೬; ಮೈಯುದ್ದ ೧ರಿಂದ ೩ ಮಿಲಿಮೀಟರು. ಇವುಗಳಲ್ಲಿ ಅನೇಕಕ್ಕೆ ಉದರದ ಮೇಲೂ ಕೆಳಗೂ ಗಟ್ಟಿಯಾದ ಫಲಕಗಳಿರುವುವು. ಟೆಟ್ರಾಬ್ಲೆಮ್ಮಿಡೆ ಕುಟುಂಬಕ್ಕೂ ಇಂತಹುದೇ ಕವಚವಿದೆ. ಆದರೆ ಅದರಲ್ಲಿ ಉದರದ ಪಕ್ಕಗಳಲ್ಲಿಯೂ ಕಿರಿದಾದ ಪಟ್ಟಿಗಳಿರುತ್ತವೆ. ಆ ಕುಟುಂಬದ ಕೆಲವಕ್ಕೆ ೪ ಕಣ್ಣುಗಳೇ.

ಎಂಟು ಕಣ್ಣಿನವುಗಳಲ್ಲಿ ಲೈಕೊಸಿಡೆ, ಅಂದರೆ ತೋಳಜೇಡ, ಸುಲಭವಾಗಿ ತಿಳಿಯುತ್ತದೆ: ಮುಂದಿನ ಸಾಲಿನಲ್ಲಿ ೪ ಸಣ್ಣ ಕಣ್ಣು, ಅದರ ಮೇಲೆ ೨ ದೊಡ್ಡವು, ಹಿಂದೆ ಮತ್ತೆ ೨. ತಾಯಿ ಮೊಟ್ಟೆಯ ಚೀಲವನ್ನು ಉದರದ ತುದಿಗೆ ಅಂಟಿಸಿಕೊಂಡು ತಿರುಗುತ್ತಾಳೆ. ನ್ಯಾಫೊಸಿಡೆ ಮತ್ತು ಕ್ಲುಬಿಯೊನಿಡೆಗಳನ್ನು ಬೇರ್ಪಡಿಸಲು ಉದರದ ತುದಿಯನ್ನು ನೋಡಬೇಕು. ನೂಲು ತೆಗೆಯುವ ಮುಂದಿನ ಜೋಡಿ ಅಂಗಗಳು ಮೊದಲನೆಯದರಲ್ಲಿ ಕೊಳವೆಯಂತಿದ್ದು ದೂರ ದೂರ ನಿಲ್ಲುತ್ತವೆ. ಎರಡನೆಯದರಲ್ಲಿ ಮೊನೆಯತ್ತ ಕಿರಿದಾಗಿ ಒಂದಕ್ಕೊಂದು ತಾಗಿಕೊಂಡಿರುತ್ತವೆ.

ಕುಟುಂಬ ತಿಳಿದರೆ ಜಾತಿ ತಿಳಿದಂತಾಗಲಿಲ್ಲ. ಅದಕ್ಕೆ ಬೆಳೆದ ಜೇಡದ ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಮರಿಗಳಿಗೆ ಜಾತಿಯ ಹೆಸರಿಡಲು ಹೊರಡುವುದು ಸಾಮಾನ್ಯವಾಗಿ ವ್ಯರ್ಥ.

ಇಷ್ಟು ಶ್ರಮವೇಕೆ? ಬಿಳಿಗಿರಿಯ ಕಾಡು ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೂ ಅಲ್ಲಿ ಲಂಟಾನ ದಟ್ಟವಾಗಿ ಹಬ್ಬಿದೆ. ಬೇಸಗೆಯ ಬೆಂಕಿ ತರಗನ್ನು ಸುಡುವುದೂ ಉಂಟು. ಬೆಂಕಿಯ ಬಳಿಕ ಯಾವುದು ಮರಳಿತು, ಯಾವುದು ಮರಳಲಿಲ್ಲ ಎಂದು ಹೇಳಬೇಕಾದರೆ ಮೊದಲು ಅಲ್ಲಿ ಏನಿತ್ತೆಂಬುದು ನಮಗೆ ಗೊತ್ತಿರಬೇಕು. ಗುರುತಿಸದ ಜೀವಿ ಅಳಿದರೆ ಅಳಿದುದೂ ತಿಳಿಯದು.

ರಕ್ಷಿತ ಕಾಡಿನಲ್ಲಿ ಜೀವಿಗಳನ್ನು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಿದ್ಯಾರ್ಥಿಗಳು ಮನೆಯ ಹಿತ್ತಿಲ ಹೊಂಗೆಯ ಮರದ ಬುಡದಲ್ಲಿಯೇ ಅಭ್ಯಾಸವನ್ನು ಆರಂಭಿಸಬಹುದು. ನೋಡಿದ ಮೇಲೆ ಜೇಡವನ್ನೂ ತರಗನ್ನೂ ಇದ್ದೆಡೆಗೆ ಮರಳಿಸೋಣ.