ಹವಳ ನೋಡಲು ಹೊರಟವರಿಗೆ ಉಬ್ಬರದ ಲೆಕ್ಕ

ಅಂಡಮಾನಿಗೆ ಹೊರಟವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಕೇಳುವ ಪ್ರಶ್ನೆ: ಸ್ನಾರ್ಕೆಲಿಂಗ್‌ಗೆ ಯಾವ ಜಾಗ ಒಳ್ಳೆಯದು? ಟ್ರಾವೆಲ್ ಏಜೆಂಟರ ಬಳಿ ಸಿದ್ಧ ಉತ್ತರವಿದೆ. ಜನ ಈಗಲೂ ಹ್ಯಾವ್‌ಲಾಕ್ ಎಂದೇ ಕರೆಯುವ, 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ದ್ವೀಪದ ಎಲಿಫೆಂಟ್ ಬೀಚ್ ಮೊದಲನೆಯದು. ಸಮಯವಿದ್ದರೆ ನೀಲ್‌ನ, ಅಂದರೆ ಈಗಿನ ಶಹೀದ್ ದ್ವೀಪದ ಭರತ್‌ಪುರ. ಪರ್ಮಿಟ್ ಸಿಕ್ಕರೆ ಜಾಲಿ ಬಾಯ್ ದ್ವೀಪ. ಆದರೆ ಹೋಗಿ ಬಂದವರನ್ನು ವಿಚಾರಿಸಿದರೆ ಗೊಂದಲ ಹೆಚ್ಚುತ್ತದೆ. ಅದೇ ಎಲಿಫೆಂಟ್ ಬೀಚಿನಲ್ಲಿ ಗಾಜಿನಂಥ ನೀರು ಕಂಡೆ ಎನ್ನುವವರಿದ್ದಾರೆ, ಮರಳು ಕದಡಿದ ನೀರಲ್ಲಿ ಮುಂದಿನವರ ಕಾಲು ಬಿಟ್ಟು ಬೇರೇನೂ ಕಾಣಲಿಲ್ಲ ಎನ್ನುವವರೂ ಇದ್ದಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಹೋದ ಜಾಗ ಒಂದೇ, ಹೋದ ಹೊತ್ತು ಬೇರೆ. ಹಾಗಾಗಿ ಜಾಗದ ಹೆಸರು ಅರ್ಧ ಉತ್ತರ ಮಾತ್ರ, ಉಳಿದರ್ಧವನ್ನು ಗಾಳಿಯ ದಿಕ್ಕು ಮತ್ತು ಉಬ್ಬರ ಇಳಿತದ ಗಂಟೆ ತೀರ್ಮಾನಿಸುತ್ತವೆ ಎಂಬುದು ನನ್ನ ವಾದ. ಇವೆರಡನ್ನು ಬಿಟ್ಟು ಮಾಡುವ ಯಾವ ಹೋಲಿಕೆಯೂ ಪ್ರವಾಸಿಗೆ ನಷ್ಟ, ಹವಳಕ್ಕೆ ಇನ್ನೂ ದೊಡ್ಡ ನಷ್ಟ.

ಸ್ನಾರ್ಕೆಲಿಂಗ್ ಎಂದರೆ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವುದಲ್ಲ. ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನದನ್ನು ನೋಡುವುದು. ಇದನ್ನು ಸ್ಕೂಬಾ ಮಾಡಲಾಗದವರ ಎರಡನೇ ಆಯ್ಕೆ ಎಂದು ಭಾವಿಸುವವರು ಒಂದು ಸಂಗತಿ ಗಮನಿಸಬೇಕು. ನೀರು ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ಮೊದಲು ಹೀರಿಕೊಳ್ಳುತ್ತದೆ. ಐದಾರು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ ಹೋಗಿ ಎಲ್ಲವೂ ನೀಲಿ ಬೂದಿಗೆ ತಿರುಗುತ್ತದೆ. ಹವಳದ ಮತ್ತು ಅದರೊಳಗೆ ಓಡಾಡುವ ಮೀನುಗಳ ನಿಜವಾದ ಬಣ್ಣ ಕಾಣುವುದು ಮೇಲಿನ ಎರಡು ಮೂರು ಮೀಟರ್ ನೀರಿನಲ್ಲಿ, ಸೂರ್ಯ ನೆತ್ತಿಯ ಸಮೀಪ ಇರುವಾಗ. ಕಷ್ಟ ಇರುವುದೂ ಇಲ್ಲಿಯೇ. ಇಷ್ಟು ತೆಳುವಾದ ನೀರಿನ ಪದರದಲ್ಲಿ ಅರ್ಧ ಮೀಟರ್ ಏರಿದರೂ ಇಳಿದರೂ ಅನುಭವ ಪೂರ್ತಿ ಬದಲಾಗುತ್ತದೆ.

ಮೊದಲು ಗಾಳಿಯ ವಿಚಾರ. ಲಕ್ಷದ್ವೀಪದ ಬಹಳಷ್ಟು ದ್ವೀಪಗಳಲ್ಲಿ ಪಶ್ಚಿಮಕ್ಕೆ ಹವಳದ ದಿಬ್ಬವೇ ಗೋಡೆಯಂತೆ ನಿಂತಿರುತ್ತದೆ. ಅದಕ್ಕೂ ನೆಲಕ್ಕೂ ನಡುವೆ ತಿಳಿಯಾದ ಲಗೂನ್ ಇರುತ್ತದೆ. ಅಂಡಮಾನಿನದು ಬೇರೆ ರಚನೆ. ಇಲ್ಲಿ ಹವಳ ಹೆಚ್ಚಾಗಿ ದಡಕ್ಕೆ ಅಂಟಿಕೊಂಡು ಅಂಚುಗಟ್ಟಿದಂತೆ ಬೆಳೆಯುತ್ತದೆ, ಪ್ರವಾಸಿಗಳು ಹೋಗುವ ದಡಗಳಲ್ಲಿ ತಡೆಗೋಡೆ ಇರುವುದಿಲ್ಲ. ಆದ್ದರಿಂದ ಗಾಳಿ ಬೀಸುವ ಮಗ್ಗುಲಿನ ಹವಳದ ಮೇಲೆ ಅಲೆ ನೇರವಾಗಿ ಬಂದು ಬೀಳುತ್ತದೆ, ಮರಳು ಏಳುತ್ತದೆ, ನೀರು ಮಬ್ಬಾಗುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಪಶ್ಚಿಮದ ದಡಗಳನ್ನು ಬಡಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದ ಗಾಳಿ ಪೂರ್ವದ ದಡಗಳಲ್ಲಿ ಸಣ್ಣ ಅಲೆ ಎಬ್ಬಿಸುತ್ತದೆ. ನಮ್ಮವರು ಹೆಚ್ಚಾಗಿ ಹೋಗುವುದು ಡಿಸೆಂಬರ್, ಜನವರಿಯಲ್ಲಿ. ಆ ಹೊತ್ತಿಗೆ ಸ್ವರಾಜ್ ದ್ವೀಪದ ಪೂರ್ವಕ್ಕಿರುವ ವಿಜಯನಗರ, ಕಾಲಾಪತ್ಥರ್ ಬೀಚುಗಳು ಗಾಳಿಗೆ ಎದುರಾಗಿ ನಿಂತಿರುತ್ತವೆ, ವಾಯವ್ಯ ಮೂಲೆಯ ಎಲಿಫೆಂಟ್ ಬೀಚ್ ಗಾಳಿಮರೆಯಲ್ಲಿರುತ್ತದೆ. ಎಲಿಫೆಂಟ್ ಬೀಚಿಗೆ ಬಂದಿರುವ ಹೆಸರಿನಲ್ಲಿ ದೊಡ್ಡ ಪಾಲು ಈ ಆಕಸ್ಮಿಕದ್ದು: ಪ್ರವಾಸಿಗಳ ಹಂಗಾಮು ಮತ್ತು ಆ ಮೂಲೆಯ ಗಾಳಿಮರೆ ಒಂದಕ್ಕೊಂದು ಕೂಡಿಬಂದಿವೆ. ಮಾರ್ಚ್, ಏಪ್ರಿಲ್‌ನಲ್ಲಿ ಎರಡೂ ಗಾಳಿಗಳ ನಡುವಿನ ಬಿಡುವಿನಲ್ಲಿ ಸುತ್ತಲಿನ ಕಡಲು ಶಾಂತವಾಗಿ, ನೀರು ವರ್ಷದಲ್ಲೇ ಹೆಚ್ಚು ತಿಳಿಯಾಗುತ್ತದೆ. ಆಗ ಪೂರ್ವದ ದಡಗಳೂ ಪೈಪೋಟಿಗೆ ಬರುತ್ತವೆ.

ಗಾಳಿಗಿಂತಲೂ ಉಬ್ಬರ ಇಳಿತದ ಪರಿಣಾಮ ನಿಖರ, ಆದರೂ ಪ್ರವಾಸಿಗಳು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ದಿನದಿಂದ ದಿನಕ್ಕೆ ವೇಳೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಎರಡು ಮೀಟರಿನ ಹತ್ತಿರ ಹೋದರೆ, ಅಷ್ಟಮಿಯ ಸುತ್ತಮುತ್ತ ಹೆಚ್ಚುಕಮ್ಮಿ ಅದರ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ತಿಥಿ ನೋಡಿ ಕಡಲಿನ ಸ್ವಭಾವ ಹೇಳುವುದು ಹೊಸದೇನಲ್ಲ, ಆ ಲೆಕ್ಕ ಇಲ್ಲಿಗೂ ಒಪ್ಪುತ್ತದೆ. ಇಳಿತದ ವೇಳೆಗೆ ವಿಜಯನಗರ ಬೀಚಿನ ನೀರು ಬಹುದೂರ ಹಿಂದಕ್ಕೆ ಹೋಗಿ, ಕಲ್ಲೂ ಸತ್ತ ಹವಳವೂ ಬಯಲಾಗುತ್ತವೆ. ಆಗ ನೀರು ಹುಡುಕಿಕೊಂಡು ನಡೆಯುವುದೇ ಆಗುತ್ತದೆ. ಇಳಿಯುವ ನೀರು ಕಾಂಡ್ಲಾ ಕಾಡುಗಳ ಕೆಸರನ್ನೂ ಹೊರಕ್ಕೆ ಎಳೆದು ತರುತ್ತದೆ. ಏರುವ ನೀರು ತೆರೆದ ಕಡಲಿನ ತಿಳಿ ನೀರನ್ನು ದಡದತ್ತ ದೂಡುತ್ತದೆ. ಉಬ್ಬರ ಪೂರ್ತಿಯಾಗುವ ಮುಂಚಿನ ಒಂದೂವರೆ ಎರಡು ಗಂಟೆ, ಅದೂ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರ ನಡುವೆ ಬಂದರೆ, ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಈ ಅಳತೆಯಿಂದ ನೋಡಿದರೆ ಜಾಗಗಳ ಗುಣ ಸ್ಪಷ್ಟವಾಗುತ್ತದೆ. ಎಲಿಫೆಂಟ್ ಬೀಚಿಗೆ ರಸ್ತೆಯಿಲ್ಲ. ಜೆಟ್ಟಿಯಿಂದ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಕಾಡಿನ ಹಾದಿಯಲ್ಲಿ ನಡೆಯಬೇಕು. ಹವಳ ದಡಕ್ಕೆ ತೀರ ಹತ್ತಿರ ಶುರುವಾಗುವುದರಿಂದ ಈಜು ಬಾರದವರಿಗೂ ಏನಾದರೂ ಕಾಣುತ್ತದೆ. ಅದೇ ಕಾರಣಕ್ಕೆ ನೀರು ಕಡಿಮೆಯಾದಾಗ ಜನರ ಕಾಲು ಹವಳದ ಮೇಲೆ ಬೀಳುವುದೂ ಇಲ್ಲೇ ಹೆಚ್ಚು. ಇಲ್ಲಿಗೆ ಇಳಿತದ ಹೊತ್ತಿನಲ್ಲಿ ಹೋಗಲೇಬಾರದು. ಜೆಟ್ಟಿಯಿಂದ ಹೆಚ್ಚು ದೂರವಿಲ್ಲದ ನೀಮೋ ರೀಫ್‌ಗೆ ದಡದಿಂದಲೇ ನಡೆದು ಇಳಿಯಬಹುದು. ಸ್ಕೂಬಾ ಕಲಿಸುವವರು ಹೊಸಬರನ್ನು ಕರೆತರುವುದು ಅಲ್ಲಿಗೇ. ಸ್ನಾರ್ಕೆಲಿಂಗ್‌ಗೂ ಅದು ಒಳ್ಳೆಯ ಜಾಗವೇ, ಆದರೆ ಉಬ್ಬರ ತುಂಬಿ ಗಾಳಿ ಕಡಿಮೆಯಿರುವಾಗ. ರಾಧಾನಗರ ಬೀಚಿನ ಹೆಸರು 2004ರಲ್ಲಿ ಟೈಮ್ ಪತ್ರಿಕೆ ಅದನ್ನು ಏಷ್ಯಾದ ಅತ್ಯುತ್ತಮ ಬೀಚ್ ಎಂದಾಗಿನಿಂದ ಎಲ್ಲರ ಬಾಯಲ್ಲಿದೆ. ಆದರೆ ಆ ಹೊಗಳಿಕೆ ಮರಳಿಗೂ ಕಾಡಿಗೂ ಸೂರ್ಯಾಸ್ತಕ್ಕೂ ಸಂದದ್ದು. ಉದ್ದನೆಯ ಬರಿ ಮರಳಿನ ತೀರದಲ್ಲಿ ಹವಳ ಹುಡುಕುವುದು ವ್ಯರ್ಥ. ಅದರ ತುದಿಗಳ ಕಲ್ಲುಗಳ ಕಡೆಗೆ ಹೋಗುವ ಉತ್ಸಾಹವೂ ಬೇಡ. ಈ ದ್ವೀಪದಲ್ಲಿ 2010ರಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಯ ದಾಳಿಗೆ ಬಲಿಯಾದರು. ಮೊಸಳೆಯ ಎಚ್ಚರಿಕೆಯ ಫಲಕ ಇರುವಲ್ಲಿ, ತೊರೆ ಬಂದು ಸೇರುವಲ್ಲಿ ನೀರಿಗೆ ಇಳಿಯಬಾರದು.

ಶಹೀದ್ ದ್ವೀಪದಲ್ಲಿ ಎರಡು ಜಾಗಗಳು ಒಂದಕ್ಕೊಂದು ವಿರುದ್ಧವಾದ ಗಂಟೆಯನ್ನು ಕೇಳುತ್ತವೆ. ಜೆಟ್ಟಿಯ ಪಕ್ಕದ ಭರತ್‌ಪುರ ತೀರಕ್ಕೆ ಉಬ್ಬರ ಬೇಕು. ಇಳಿತದಲ್ಲಿ ಅಲ್ಲಿ ಮೊಣಕಾಲಿನಷ್ಟು ನೀರೂ ಕಷ್ಟ. ಲಕ್ಷ್ಮಣ್‌ಪುರದ ಎರಡನೇ ಬೀಚಿಗೆ, ಕಲ್ಲಿನ ಕಮಾನು ಇರುವ ಕಡೆಗೆ, ಇಳಿತದಲ್ಲೇ ಹೋಗಬೇಕು. ಕಲ್ಲುಕುಳಿಗಳಲ್ಲಿ ಉಳಿದ ನೀರಿನಲ್ಲಿ ಏಡಿ, ಸಣ್ಣ ಮೀನು, ಕಡಲ ಸೌತೆಗಳನ್ನು ಮಾಸ್ಕ್ ಇಲ್ಲದೆಯೇ ನೋಡಬಹುದು. ಒಂದೇ ದಿನ ಎರಡನ್ನೂ ನೋಡುವವರು ಕ್ರಮ ತಪ್ಪಿಸಿಕೊಂಡರೆ ಎರಡೂ ನೀರಸವಾಗುತ್ತವೆ.

ಜಾಗಕ್ಕೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ಅದನ್ನು ಒಪ್ಪಲೇಬೇಕು. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ಚಿತ್ರದಲ್ಲಿದ್ದ ನಾರ್ತ್ ಬೇ, ಅಂಡಮಾನಿನ ರಾಜಧಾನಿಯ ಬಂದರಿಗೆ ಅಂಟಿಕೊಂಡಂತಿದೆ. ಈಗ ಶ್ರೀ ವಿಜಯಪುರಂ ಎನ್ನಿಸಿಕೊಳ್ಳುವ ಆ ಪೋರ್ಟ್ ಬ್ಲೇರ್‌ನ ದೋಣಿ ಸಂಚಾರ, ನೆಲದಿಂದ ಇಳಿದು ಬರುವ ಮಣ್ಣು, ಇವನ್ನು ಯಾವ ಉಬ್ಬರವೂ ಪೂರ್ತಿ ತೊಳೆಯಲಾರದು. ಜಾಲಿ ಬಾಯ್ ಇರುವುದು 1983ರಲ್ಲಿ ಸ್ಥಾಪನೆಯಾದ, ಸುಮಾರು 281 ಚದರ ಕಿಲೋಮೀಟರ್ ಹರಡಿರುವ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. ವಂಡೂರಿನಿಂದ ಪರ್ಮಿಟ್ ಪಡೆದೇ ಹೋಗಬೇಕು, ಬಿಸಾಡುವ ಪ್ಲಾಸ್ಟಿಕ್ಕಿಗೆ ಪ್ರವೇಶವಿಲ್ಲ, ರಾತ್ರಿ ಉಳಿಯುವಂತಿಲ್ಲ. ಸಾಮಾನ್ಯವಾಗಿ ನವೆಂಬರ್ ನಡುವಿನಿಂದ ಮೇ ನಡುವಿನವರೆಗೆ ಜಾಲಿ ಬಾಯ್ ತೆರೆದಿರುತ್ತದೆ, ಉಳಿದ ಆರು ತಿಂಗಳು ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ. ನನ್ನ ತೀರ್ಪಿನಲ್ಲಿ ಈ ಸುತ್ತಿನಲ್ಲೆಲ್ಲ ಮೊದಲ ಸ್ಥಾನ ಜಾಲಿ ಬಾಯ್‌ಗೇ ಸಲ್ಲಬೇಕು. ಅದಕ್ಕೆ ಕಾರಣ ನೀರೊಂದೇ ಅಲ್ಲ, ಹಂಗಾಮಿನ ಲೆಕ್ಕ ಅಲ್ಲಿ ನಿಯಮದೊಳಗೇ ಸೇರಿದೆ. ಪ್ರವಾಸಿಗೆ ಗೊತ್ತಿರಲಿ ಬಿಡಲಿ, ತಪ್ಪು ಕಾಲದಲ್ಲಿ ಅಲ್ಲಿಗೆ ಹೋಗಲು ಅವಕಾಶವೇ ಇಲ್ಲ.

ನೀರಿನ ಮಟ್ಟಕ್ಕೆ ಹವಳ ಎಷ್ಟು ಸೂಕ್ಷ್ಮ ಎಂಬುದಕ್ಕೆ 2004ರ ಡಿಸೆಂಬರ್ 26ರ ಭೂಕಂಪಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ದಿನ ಉತ್ತರ ಮತ್ತು ಪಶ್ಚಿಮ ಅಂಡಮಾನಿನ ಕೆಲವು ದ್ವೀಪಗಳು ಒಂದು ಮೀಟರಿಗೂ ಹೆಚ್ಚು ಮೇಲೆದ್ದವು. ಅವುಗಳ ಸುತ್ತಲಿನ ಹವಳ ನೀರಿನಿಂದ ಹೊರಬಂದು ಬಿಸಿಲಿಗೆ ಸತ್ತಿತು. ಒಂದು ಮೀಟರ್ ಎಂದರೆ ಈ ಜೀವಿಗಳಿಗೆ ಬದುಕು ಸಾವಿನ ಅಂತರ. ಅದರ ಮೇಲೆ ಶಾಖದ ಹೊಡೆತ. ಹವಳದ ಒಳಗೆ ವಾಸಿಸುತ್ತ ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಗಳಿವೆ. ಬೇಸಿಗೆಯ ಎಂದಿನ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ಉಳಿದರೂ ಹವಳ ಅವನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನ ಹವಳ ಹಾಗೆ ವ್ಯಾಪಕವಾಗಿ ಬಿಳಿಚಿತ್ತು. 2016ರಲ್ಲಿ ಮತ್ತೆ ಹೊಡೆತ ಬಿತ್ತು. 2024ರ ಏಪ್ರಿಲ್‌ನಲ್ಲಿ ಜಾಗತಿಕ ಮಟ್ಟದ ನಾಲ್ಕನೇ ಬಿಳಿಚುವಿಕೆ ಘೋಷಣೆಯಾಯಿತು. ಕವಲೊಡೆಯುವ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಸುಪಾಸು ಬೆಳೆದರೆ, ಬಂಡೆಯಂತೆ ಉಬ್ಬುವ ಹವಳ ಒಂದು ಸೆಂಟಿಮೀಟರ್ ಬೆಳೆಯುವುದೂ ಕಷ್ಟ. ಬಿಸಿಯಿಂದ ಬಳಲಿ ಚೇತರಿಸಿಕೊಳ್ಳುತ್ತಿರುವ ಹವಳದ ಮೇಲೆ ಒಬ್ಬರ ಕಾಲು ಬಿದ್ದರೆ ಮುರಿಯುವುದು ಹಲವು ವರ್ಷಗಳ ಬೆಳವಣಿಗೆ. ನೀರು ಅತ್ಯಂತ ತಿಳಿಯಾಗಿರುವ ಏಪ್ರಿಲ್, ಹವಳಕ್ಕೆ ಬಿಸಿ ತಟ್ಟತೊಡಗುವ ಕಾಲವೂ ಹೌದು. ಬಿಳಿಚಿದ ಸುದ್ದಿ ಬಂದ ವರ್ಷ ಆ ತಿಂಗಳ ಸ್ನಾರ್ಕೆಲಿಂಗ್ ಕೈಬಿಡುವುದು ಸರಿ ಎಂದೇ ನಾನು ಹೇಳುವೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ವ್ಯಾವಹಾರಿಕವಾದದ್ದು: ರಜೆ ನಾಲ್ಕೈದು ದಿನದ್ದು, ಪ್ಯಾಕೇಜ್ ಮೊದಲೇ ಬುಕ್ ಆಗಿರುತ್ತದೆ, ದೋಣಿಯವರು ಕರೆದಾಗ ಹೋಗಬೇಕು, ಉಬ್ಬರ ಹುಡುಕುತ್ತ ಕೂರಲು ಯಾರಿಗೆ ಸಾಧ್ಯ? ಆದರೆ ಉಬ್ಬರ ಮಳೆಯಂತೆ ಅನಿಶ್ಚಿತವಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆ ಉಬ್ಬರ ಇಳಿತದ ಪಟ್ಟಿಯನ್ನು ಪ್ರತಿ ವರ್ಷ ಮುಂಗಡವಾಗಿ ಪ್ರಕಟಿಸುತ್ತದೆ. ಅಲೆ, ಗಾಳಿಯ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ಟಿಕೆಟ್ ಮಾಡಿಸುವ ದಿನವೇ ನೋಡಿಕೊಂಡರೆ ಬೇಕಾಗುವುದು ಒಂದು ಸಣ್ಣ ಅದಲುಬದಲು: ಉಬ್ಬರ ಬೆಳಗ್ಗೆ ಇದ್ದರೆ ಎಲಿಫೆಂಟ್ ಬೀಚ್ ಮೊದಲು, ರಾಧಾನಗರ ಸಂಜೆಗೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ದೋಣಿಯವರಿಗೆ ಇದೆಲ್ಲ ಗೊತ್ತೇ ಇರುತ್ತದೆ ಎಂಬ ಮಾತೂ ನಿಜ. ಆದರೆ ಅವರ ಆದಾಯ ಟ್ರಿಪ್‌ಗಳ ಲೆಕ್ಕದ್ದು, ನೀರು ಕಡಿಮೆಯಿದೆ ಎಂದು ಅವರಾಗಿಯೇ ಗಿರಾಕಿಯನ್ನು ವಾಪಸ್ ಕಳಿಸುವುದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನಾವು ಕೇಳಿದರೆ ಹೇಳುತ್ತಾರೆ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಹೀಗೆ ಜಾಗಗಳನ್ನು ತೂಗಿ ಹೇಳಿದರೆ ಒಳ್ಳೆಯ ಹೊತ್ತಿಗೆ ಎಲ್ಲರೂ ಮುಗಿಬೀಳುವುದಿಲ್ಲವೇ, ಹವಳಕ್ಕೆ ಅದು ಇನ್ನೂ ಕೆಟ್ಟದ್ದಲ್ಲವೇ? ಮುಗಿಬೀಳುವ ಅಪಾಯ ಇದೆ. ಆದರೂ ತಲೆಯ ಮೇಲೆ ಒಂದೂವರೆ ಮೀಟರ್ ನೀರಿರುವ ಹವಳ ತಾಳುವಷ್ಟು ಜನರನ್ನು ಅರ್ಧ ಮೀಟರ್ ನೀರಿನ ಹವಳ ತಾಳದು. ಕಾಲು ಊರಲು ನೆಲ ಸಿಗದ ಕಡೆ ಲೈಫ್ ಜಾಕೆಟ್ ಹಾಕಿದ ಹೊಸಬರೂ ತೇಲಲೇಬೇಕು, ತುಳಿಯುವ ಪ್ರಶ್ನೆ ಬರುವುದಿಲ್ಲ. ಬರುವ ಜನರ ಸಂಖ್ಯೆಗೆ ಮಿತಿ ಹಾಕುವುದು ಮಾತ್ರ ಆಡಳಿತದ ಕೆಲಸ, ಅದು ಆಗದ ಕೆಲಸವೇನೂ ಅಲ್ಲ. ಥಾಯ್ಲೆಂಡ್ ತನ್ನ ಪ್ರಖ್ಯಾತ ಮಾಯಾ ಬೇಯನ್ನು 2018ರಲ್ಲಿ ಮುಚ್ಚಿ, ಹವಳ ನೆಟ್ಟು, 2022ರ ಜನವರಿಯಲ್ಲಿ ಮಿತಿ ಹಾಕಿಯೇ ತೆರೆಯಿತು. ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಅಷ್ಟರಲ್ಲಿ ಕೊಲ್ಲಿಗೆ ಮರಳಿದ್ದವು. ನಮ್ಮ ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಇಳಿಯಲು ಮರಳಿನ ದಡವಿಲ್ಲ, ದೋಣಿಯಿಂದಲೇ ನೀರಿಗೆ ಇಳಿಯಬೇಕು. ಅಲ್ಲಿನ ಹವಳದ ಪಾಡು ದೋಣಿಗಳ ಸಂಖ್ಯೆಯನ್ನೂ ಲಂಗರು ಬೀಳುವ ಜಾಗವನ್ನೂ ಅವಲಂಬಿಸಿದೆ.

ಹಾಗಾಗಿ ಸ್ವರಾಜ್ ದ್ವೀಪದ ಆಡಳಿತಕ್ಕೆ ಒಂದು ಕೋರಿಕೆ: ಎಲಿಫೆಂಟ್ ಬೀಚಿನ ದೋಣಿ ಟಿಕೆಟ್ ಕೊಡುವ ಕೌಂಟರಿನಲ್ಲಿ ದರಪಟ್ಟಿಯ ಪಕ್ಕ ಆ ದಿನದ ಉಬ್ಬರ ಇಳಿತದ ಗಂಟೆಯನ್ನೂ ಬರೆಯಿರಿ, ತೀರ ಇಳಿತದ ಎರಡು ಗಂಟೆ ನೀರಿಗೆ ಇಳಿಸುವುದನ್ನು ನಿಲ್ಲಿಸಿ. ಪ್ರವಾಸಕ್ಕೆ ಹೊರಟ ಓದುಗರಿಗೂ ಒಂದು ಮಾತು. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಈಜುಡುಪು ಹಾಕಿ. ಹವಳವನ್ನಾಗಲಿ ಚಿಪ್ಪನ್ನಾಗಲಿ ಎತ್ತಿಕೊಂಡು ಬರಬೇಡಿ, ಹವಳವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ ಆನೆಗಳ ಸಾಲಿನಲ್ಲೇ ಇಟ್ಟು ಕಾಪಾಡುತ್ತದೆ. ದೋಣಿ ಗೊತ್ತುಮಾಡುವಾಗ ದರ ಕೇಳುವ ಮೊದಲು ಉಬ್ಬರ ಎಷ್ಟು ಗಂಟೆಗೆ ಎಂದು ಕೇಳಿ.